‘ಕುಂದ್ರಲ್ಯಾ?’ ಅಂದಾಂವ

ನಾ ರೊಟ್ಟಿ ಬಡಿಯಾಕಿ, ಕತಿ ಕಟ್ಟಾಕಿ ಅಲ್ಲ. ಇದನ್ನ ಮೊದಲ ಹೇಳಿಬಿಡತೇನಿ. ಯಾಕಂದ್ರ ಕೇಳಿದವರೆಲ್ಲಾ "ಗಂಗಕ್ಕಾ, ನಿದ್ದಿಗಣ್ಣಾಗ ಏನರ ಕಂಡಿರಬೇಕು ನೀ" ಅಂತಾರ. ನಿದ್ದಿಗಣ್ಣಾಗ ಇರಲಿಲ್ಲ. ಜ್ವರ ಬಂದಿರಲಿಲ್ಲ. ನನ್ನ ಕೈಲೆ ಕೊಟ್ಟ ರೊಟ್ಟಿ, ನನ್ನ ಕಿವಿಲೆ ಕೇಳಿದ ಮಾತು. ನಂಬೂದಿದ್ರ ನಂಬ್ರಿ. ಇಲ್ಲಂದ್ರ ಊಟಾ ಮುಗಿಸಿ ಕೈ ತೊಳಕೊಂಡು ನಡೀರಿ, ನನಗೇನೂ ಸಿಟ್ಟಿಲ್ಲ.

ಸಿಟ್ಟು ಅಷ್ಟ ಅಲ್ಲ, ಆವಾಗ ನನಗ ಅಳೂನೂ ಇರಲಿಲ್ಲ, ಅಂಜಿಕಿನೂ ಇರಲಿಲ್ಲ. ಬೈಲಹೊಂಗಲದಾಗ ಮಾರ್ಕೆಟ್ ಯಾರ್ಡಿನ ಹತ್ರ ನಂದೊಂದು ಖಾನಾವಳಿ ಐತಿ. ಗಂಡ ತೀರಿಕೊಂಡ ಮ್ಯಾಲಿಂದ ಅದ ನನ್ನ ಗಂಡ, ಅದ ನನ್ನ ಸಂಸಾರ. ಲಗ್ನದ ಮನಿಗೆ ರೊಟ್ಟಿ ಮುಟ್ಟಸಾಕ ಒಂದು ಹಳೇ ವ್ಯಾನ್ ಇಟ್ಕೊಂಡೇನಿ, ನಾನ ಹೊಡೀತೇನಿ. ಇಷ್ಟು ವರ್ಷ ಕಾದ ಹಂಚಿನ ಮ್ಯಾಲ ರೊಟ್ಟಿ ತಿರುವಿ ತಿರುವಿ ನನ್ನ ಕೈ ಬಳ್ಳತುದಿ ಸತ್ತು ಹೋಗ್ಯಾವು. ಕೆಂಡ ಹಿಡದ್ರೂ ಖಬರ ಇರೂದಿಲ್ಲ. ತಮ್ಮನ್ನ ಮಣ್ಣು ಮಾಡಿ ಬಂದ ದಿನದಿಂದ ಒಳಗೂ ಹಂಗ ಆಗಿತ್ತು.

ನನ್ನ ತಮ್ಮ ಬಸು. ನನಗಿಂತ ಬಾಳ ಸಣ್ಣಾಂವ, ಸೊಂಟದ ಮ್ಯಾಲ ಹೊತ್ತು ಬೆಳೆಸಿದ ಹುಡುಗ. ಮಿಲ್ಟ್ರಿ ಸೇರಿದ್ದ, ಲಗ್ನ ಇನ್ನಾ ಆಗಿರಲಿಲ್ಲ. ಅವನ ಒಂದು ಚಟಾ ಹೇಳತೇನಿ, ನೆಪ್ಪಿಟ್ಕೊಳ್ರಿ. ಜ್ವಾಳದ ರೊಟ್ಟಿ ಉಬ್ಬಿದಾಗ ಎರಡು ಪದರ ಆಗತಾವಲ್ಲ, ಅಂವ ಮ್ಯಾಲಿನ ತೆಳ್ಳನ ಪದರು ಪರ್ರ್ ಅಂತ ಸುಲದು ಮೊದಲ ಅದನ್ನ ಬರೇದ ತಿಂತಿದ್ದ. ದಪ್ಪ ಪದರು ಬೋರಲ ಹಾಕಿ ಅದರ ಮ್ಯಾಲ ಶೇಂಗಾ ಹಿಂಡಿ, ಮೊಸರು ಇಟ್ಕೊಂಡು ಆಮ್ಯಾಲ ತಿಂತಿದ್ದ. "ಬಾಳಿಹಣ್ಣಲ್ಲೋ ಅದು ಸುಲ್ಯಾಕ" ಅಂತ ನಾ ಬೈದದ್ದಕ್ಕ ಲೆಕ್ಕ ಇಲ್ಲ. ನನ್ನ ಖಾನಾವಳ್ಯಾಗ ಊರ ಮಂದಿ ಎಲ್ಲಾ ಉಂಡಾರ, ಹಂಗ ತಿನ್ನಾವರನ್ನ ನಾ ಇನ್ನೊಬ್ಬರನ್ನ ಕಂಡಿಲ್ಲ.

ಹೋದ ವರ್ಷ ಚಳಿಗಾಲದಾಗ ಮ್ಯಾಲ ಗಡಿಯಾಗ ಹಿಮದ ಗುಡ್ಡ ಜರದು ಬಿತ್ತು. ಅದರ ಕೆಳಗ ಬಸು ಇದ್ದ. ಅವನ ಸಂಗಟ ರಾಮದುರ್ಗ ಕಡಿಯ ಇನ್ನೊಬ್ಬ ಹುಡುಗ ಇದ್ದ, ಮಂಜು ಅಂತ. ಅವನ್ನ ನಾ ನೋಡಿರಲಿಲ್ಲ. ಫೋನಿನ್ಯಾಗ ಬಸು ಹೆಸರು ಹೇಳತಿದ್ದ, ಅಷ್ಟ.

ಎರಡು ಪೆಟಗಿ ಒಂದ ಗಾಡ್ಯಾಗ ಬಂದುವು. ಎರಡಕ್ಕೂ ಒಂದ ನಮೂನಿ ಧ್ವಜ, ಒಂದ ನಮೂನಿ ಚೆಂಡ ಹೂವಿನ ಹಾರ. ಒಂದನ್ನ ನಮ್ಮ ಅಂಗಳದಾಗ ಇಳಿಸಿದ್ರು. ಇನ್ನೊಂದು ಹಂಗ ರಾಮದುರ್ಗಕ್ಕ ಹೋತು. ಬಂದಿದ್ದ ಸಾಹೇಬರು ಬಾಳ ಛಲೋ ಮನಷ್ಯಾ. ಅವ್ವಗ ಕೈ ಮುಗದು, "ತಾಯಿ, ಪೆಟಗಿ ತಗೀಬ್ಯಾಡ್ರಿ... ಮಾರಿ ನೋಡೂ ಹಂಗ ಇಲ್ಲ" ಅಂದ್ರು. ಅವರ ಕಣ್ಣಾಗೂ ನೀರಿದ್ದುವು.

ನಮ್ಮ ಮಂದ್ಯಾಗ ಸತ್ತವರನ್ನ ಮಲಗಿಸೂದಿಲ್ಲ. ವಿಭೂತಿ ಹಚ್ಚಿ, ಕಾಲು ಮಡಚಿ, ಕುಂದ್ರಿಸಿ ಮಣ್ಣು ಮಾಡತೇವಿ. ಹೆಂಗ ಬದುಕಿದ್ದಾಗ ಪೂಜಾಕ್ಕ ಕುಂದರತಾರೋ ಹಂಗ. ಪೆಟಗಿ ತಗೀದ ಕುಂದ್ರಸೂದು ಹೆಂಗ? ನಮ್ಮ ಹೊಲದಾಗ ಉದ್ದಕ ತಗ್ಗು ತಗದು, ಪೆಟಗಿ ಸಮೇತ ಮಲಗಿಸಿದ್ವಿ. ಸಿಪಾಯಿಗಳು ತುಪಾಕಿ ಹಾರಿಸಿದ್ರು, ಹಕ್ಕಿ ಎಲ್ಲಾ ಎದ್ದು ಹೋದುವು. ಅವ್ವ ಮಾತ್ರ ಮಣ್ಣು ಹಾಕಲಿಲ್ಲ, ಕೈಯಾಗ ಹಿಡಕೊಂಡ ಮಣ್ಣು ಹಂಗ ಮನಿಗೆ ತಂದ್ಲು.

"ನನ್ನ ಮಗಾ ಕುಂತಿಲ್ಲ" ಅಂದ್ಲು. "ಅಂವ ಅಲ್ಲಿಲ್ಲ."

ಆವತ್ತಿನಿಂದ ದಿನಾ ರಾತ್ರಿ ಅಡಗಿಮನ್ಯಾಗ ಒಂದು ತಾಟಿನ್ಯಾಗ ರೊಟ್ಟಿ, ಹಿಂಡಿ ಇಟ್ಟು, ಮ್ಯಾಲ ಇನ್ನೊಂದು ತಾಟ ಮುಚ್ಚಿ ಇಡತಿದ್ಲು. ಮುಂಜಾನಿ ಅದನ್ನ ಆಕಳಿಗೆ ಹಾಕಾಕಿ. "ಮಗಾ ಉಣ್ಣದ ನಾ ಹೆಂಗ ಉಣ್ಣಲಿ" ಅಂತ ತಾನು ಅರ್ಧ ರೊಟ್ಟಿ ಮುರದು ಬಿಡಾಕಿ. ಊರಿಗೆಲ್ಲಾ ಊಟಾ ಹಾಕೂ ನನ್ನ ಮನ್ಯಾಗ ನಮ್ಮವ್ವ ಉಪಾಸ! ಒಣಗಿ ಕಡ್ಡಿ ಆಗಿದ್ಲು. ಹಿಂಗ ಬಿಟ್ರ ಬಾಳ ದಿನಾ ಉಳ್ಯಾಕಿ ಅಲ್ಲ ಅಂತ ಡಾಕ್ಟರು ನನ್ನ ಹೊರಗ ಕರದು ಹೇಳಿದ್ರು. ನಾ "ಹೂಂ" ಅಂದು, ಬಂದು ಹಿಟ್ಟು ನಾದಿದೆ. ಒಳಗ ಏನೂ ಆಗಲಿಲ್ಲ.

ವರ್ಷದ ದಿನ ಹತ್ರ ಬಂತು. ಊರ ಹುಡುಗರು ಕೂಡಿ ಬಸುನ ಸಮಾಧಿ ಮ್ಯಾಲ ಕಲ್ಲು ಹಾಕೂದಂತ ಮಾಡಿದ್ರು. ಕಲ್ಲು ಕೆತ್ತೂ ಮೌನೇಶಪ್ಪ ನನ್ನ ಕೇಳಿದ, "ಅಕ್ಕಾರ, ಬರೇ ಹೆಸರಿನ ಕಲ್ಲೋ, ಎದಿಮಟ ಮೂರ್ತಿಯೋ? ನಾಕ ಕಡಿ ನೋಡಿ ಬಂದು ಹೇಳ್ರಿ."

ಕಲ್ಲು ಹಾಕಿದ್ರ ಅವ್ವಗ ಖಾತ್ರಿ ಆಗತೈತಿ, ತಾಟ ಇಡೂದು ಬಿಡತಾಳ, ಎರಡು ತುತ್ತು ಉಣತಾಳ... ಇದು ನನ್ನ ವಿಚಾರ. ಆದ್ರ ಅವ್ವ ಕೇಳಿದ್ದ ಒಂದ ಮಾತು. "ಕಲ್ಲ ಹಾಕತೀರಿ, ಛಲೋ. ಒಳಗ ಇದ್ದಾಂವ ಯಾರಂತ ನೋಡೀರೇನು?"

ಮರುದಿನ ಖಾನಾವಳಿಗೆ ಸೂಟಿ ಹಾಕಿ, ಬುತ್ತಿ ಕಟ್ಕೊಂಡು, ಒಬ್ಬಾಕಿನ ವ್ಯಾನ್ ತಗೊಂಡು ಹೊಂಟೆ.

ಮೊದಲು ನಮ್ಮೂರಾಗಿನ ಕಿತ್ತೂರ ರಾಣಿಯ ಸಮಾಧಿಗೆ ಹೋದೆ. ಸಣ್ಣಾಕಿ ಇದ್ದಾಗಿಂದ ನೋಡಿದ್ದ ಜಾಗಾ, ಆವತ್ತು ಕಲ್ಲಿನ ಕೆಲಸ ನೋಡಾಕ ಹೋದೆ. ಅಲ್ಲಿಂದ ಕಿತ್ತೂರು. ಕೋಟಿ ಒಳಗ ಬಿದ್ದ ಗೋಡಿ ನಡುವ ಸಾಲಿ ಹುಡುಗರು ಫೋಟೋ ಹೊಡಕೊಳಾಕತ್ತಿದ್ರು. ಅಲ್ಲಿ ಎಷ್ಟ ಮಂದಿ ಸತ್ತರು, ಅವರ ಅಕ್ಕ-ತಂಗಿ ಎಲ್ಲಿ ಕುಂತು ಅತ್ತರು ಅಂತ ನನಗೊಂದು ವಿಚಾರ ಬಂತು. ಬಂದಷ್ಟ ಲಗೂನ ಹೋತು.

ದೇಗಾಂವ ದಾಟಿದ ಮ್ಯಾಲ ಒಂದು ಹಳ್ಳ್ಯಾಗ, ಬಸ್ ಸ್ಟ್ಯಾಂಡಿನ ಮುಂದ ಒಬ್ಬ ಸಿಪಾಯಿದು ಎದಿಮಟ ಮೂರ್ತಿ ಇತ್ತು. ಬಂಗಾರದ ಬಣ್ಣ ಹಚ್ಚಿ, ಕರೀ ಮೀಸಿ ತಿದ್ದಿದ್ರು. ಹಾರ ಒಣಗಿ ನಾರ ಉಳದಿತ್ತು. ಅದರ ಕಟ್ಟಿ ಮ್ಯಾಲ ಒಬ್ಬ ಅಜ್ಜ ಕುಂತು ಎಲಿ ಅಡಕಿ ಹಾಕ್ಕೊಳಾಕತ್ತಿದ್ದ.

"ಅಜ್ಜಾರ, ಛಲೋ ಮಾಡ್ಯಾರ್ರಿ ಮೂರ್ತಿ" ಅಂದೆ.

"ನನ್ನ ಮಗಾರೀ" ಅಂದ ಅಜ್ಜ. "ಛಲೋ ಏನ ಬಂತು... ಅವನಿಗೆ ಮೀಸಿನ ಇರಲಿಲ್ಲ. ಕೆತ್ತಾಂವ ಮೀಸಿ ಇಲ್ಲದ ಸಿಪಾಯಿ ಹೆಂಗ ಕಾಣತಾನ ಅಂತ ತಾನ ಹಚ್ಚಿಬಿಟ್ಟ."

"ಅಳಿಸಾಕ ಹೇಳಬೇಕಿಲ್ಲೋ?"

"ಹೇಳಬೇಕಂದೆ. ದಿನಾ ನೋಡಿ ನೋಡಿ ಈಗ ನನಗೂ ಮೀಸಿ ಇದ್ದ ಮಗಾನ ನೆಪ್ಪಾಗತಾನವ್ವಾ. ಮೀಸಿ ಇಲ್ಲದಾಂವ ಎಲ್ಲಿ ಹೋದನೋ ಏನೋ."

ಅಜ್ಜ ನಕ್ಕ. ನಾನೂ ನಕ್ಕೆ. ವ್ಯಾನ್ ಹತ್ತಿದ ಮ್ಯಾಲ ಮೌನೇಶಪ್ಪಗ ಫೋನ್ ಹಚ್ಚಿ, ಮೂರ್ತಿ ಬ್ಯಾಡ, ಬರೇ ಕಲ್ಲು ಸಾಕು ಅಂತ ಹೇಳಿದೆ.

ಅಲ್ಲಿಗೆ ನನ್ನ ಕೆಲಸ ಮುಗದಂಗ ಆತು. ಹಿಂದಕ ಹೊಳ್ಳಬಹುದಿತ್ತು. ಆದ್ರ ನಾ ಸವದತ್ತಿ ದಾರಿ ಹಿಡದೆ. ಅಲ್ಲಿ ಒಂದು ಕಡ್ಲಿ ಹೊಲದಾಗ ಒಬ್ಬ ಸುಭೇದಾರರ ಸಮಾಧಿ ಇತ್ತು, ತಿಳಿ ನೀಲಿ ಸುಣ್ಣಾ ಹಚ್ಚಿದ್ದು. ಕೈ ಮುಗದೆ. ಗುಡ್ಡದ ಕಡಿಂದ ಯಲ್ಲಮ್ಮನ ಜೋಗತಿಯರ ಚೌಡಿಕಿ ಸಪ್ಪಳ ಗಾಳ್ಯಾಗ ಬಿಟ್ಟು ಬಿಟ್ಟು ಬರತಿತ್ತು. ಮತ್ತ ಮುಂದಕ ಹೊಂಟೆ. ಖರೇ ಹೇಳಬೇಕಂದ್ರ ಮನಿ ಬಿಟ್ಟಾಗಿಂದ ನನಗ ಹೋಗಬೇಕಾಗಿದ್ದು ಒಂದ ಜಾಗಾಕ್ಕ. ಆ ಎರಡನೇ ಪೆಟಗಿ ಇಳದಲ್ಲಿಗೆ.

ರಾಮದುರ್ಗದ ಆಚಿ ಕಡಿ, ಕೆಂಪ ಕಲ್ಲಿನ ಗುಡ್ಡದ ಬುಡಕ ಆ ಊರು. ಹೆಸರು ಬ್ಯಾಡ, ಮಂದಿ ಸುಮ್ಮನ ಹೋಗಿ ನೋಡಾಕ ಶುರು ಮಾಡತಾರ. ನಾ ಮುಟ್ಟೂದರಾಗ ದೀಪಾ ಹಚ್ಚೂ ಹೊತ್ತಾಗಿತ್ತು. ಮಗ್ಗದ ಸಪ್ಪಳ ಒಂದ ಸಮಾ ನಡದಿತ್ತು. ಹಿಟ್ಟಿನ ಗಿರಣಿ ಮುಂದ ಒಬ್ಬಾಕಿ ಹೆಣಮಗಳು ಜ್ವಾಳ ಕೇರಾಕತ್ತಿದ್ಲು. ಮಂಜುನ ಮನಿ ಕೇಳಿದೆ.

"ಮಂಜುನ ಅವ್ವ ಊರಾಗಿಲ್ರೀ ಅಕ್ಕಾರ. ಮಗಳ ಮನಿಗೆ ಹೋಗ್ಯಾಳ. ನಂಬರ ಬೇಕಂದ್ರ ತಗೊಳ್ರಿ" ಅಂದು ಫೋನಿನ್ಯಾಗ ಹುಡುಕಿ ಕೊಟ್ಲು. "ಸಮಾಧಿ ನೋಡಾಕ ಬಂದ್ರೇನು? ಗುಡ್ಡದ ದಾರ್ಯಾಗ, ಬನ್ನಿ ಗಿಡದ ಬಾಜೂಕ ಐತಿ."

"ಆಕಿ ದಿನಾ ಹೋಗತಿರಬೇಕಲ್ಲ ಅಲ್ಲಿಗೆ?"

ಆ ಹೆಣಮಗಳು ಮೊರಾ ಕೆಳಗಿಟ್ಲು. ಧ್ವನಿ ಸಣ್ಣ ಮಾಡಿ ಅಂದ್ಲು, "ಇಲ್ರೀ... ಬಿಟ್ಟಾಳ. ಅಲ್ಲಿ ಕುಂತ್ರ ನನ್ನ ಮಗನ ಹತ್ರ ಕುಂತಂಗ ಆಗೂದಿಲ್ಲ ಅಂತಾಳ. ಬ್ಯಾರೆ ಯಾರದೋ ಮನಿಗೆ ಬಂದಂಗ ಆಗತೈತಂತ. ಹೆತ್ತ ಹೊಟ್ಟಿರೀ, ಏನೇನೋ ಅನಸ್ತೈತಿ ಪಾಪ."

ನನ್ನ ತಲ್ಯಾಗ ಅವ್ವನ "ಅಂವ ಅಲ್ಲಿಲ್ಲ" ಅನ್ನೂ ಮಾತು ಬಂತು. ಬಂತು, ಅಲ್ಲೇ ನಿಂತಿತು. ಆಗಲೂ ಅಂಜಿಕಿ ಆಗಲಿಲ್ಲ, ಸುಳ್ಳ ಯಾಕ ಹೇಳ್ಲಿ.

ಗುಡ್ಡದ ದಾರಿಗೆ ವ್ಯಾನ್ ಹೊಡದೆ. ಮಗ್ಗದ ಸಪ್ಪಳ ಹಿಂದ ಉಳೀತು. ಕತ್ತಲಿ ಆಗಿತ್ತು, ಚಂದ್ರ ಇನ್ನಾ ಬಂದಿರಲಿಲ್ಲ. ಬನ್ನಿ ಗಿಡದ ಹತ್ರ ನಿಲ್ಲಿಸಿ ಇಳದೆ. ಉದ್ದಕ ಒಂದು ಮಣ್ಣಿನ ದಿಬ್ಬ, ಸುತ್ತ ಕೆಂಪ ಕಲ್ಲು ಜೋಡಿಸಿದ್ರು. ತಲಿ ಕಡಿ ಒಂದು ಕೋಲಿಗೆ ಸಣ್ಣ ಧ್ವಜ. ಇಲ್ಲೂ ಕಲ್ಲು ಹಾಕಿರಲಿಲ್ಲ... ಇಲ್ಲೂ ಮಲಗಿಸಿದ್ರು, ನಮ್ಮ ಬಸುನ ಹಂಗ.

ಮೊಬೈಲ್ ಬೆಳಕ ಹಿಡದು ನಿಂತೆ. ಏನ ಕೇಳಬೇಕಂತ ಬಂದಿದ್ನೋ ಅದು ಬಾಯಿಗೆ ಬರಲಿಲ್ಲ. ಮಣ್ಣಿನ ಮುಂದ ನಿಂತು ನೀ ಯಾರಪಾ ಅಂತ ಕೇಳೂದು ಹೆಂಗ?

ಮುಂಜಾನಿಂದ ಚಾ ಬಿಟ್ರ ಹೊಟ್ಟಿಗೆ ಏನೂ ಹಾಕಿರಲಿಲ್ಲ. ಕಣ್ಣಿಗೆ ಕತ್ತಲಿ ಬರಾಕತ್ತಿತ್ತು. ಎರಡು ತುತ್ತು ತಿಂದು ಹೊಂಡೂಣಂತ ವ್ಯಾನಿನ ಬಾಜೂ ಬಾಗಲಾ ಸರಿಸಿ, ಒಳಗ ಸಣ್ಣ ದೀಪಾ ಹಚ್ಚಿ, ಬಾಗಲದಾಗ ಕುಂತು ಬುತ್ತಿ ಬಿಚ್ಚಿದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಬದನಿಕಾಯಿ ಪಲ್ಯಾ, ಗಟ್ಟಿ ಮೊಸರು.

ಮೊದಲನೇ ತುತ್ತು ಬಾಯಿಗೆ ಇಟ್ಟೆ. ಬನ್ನಿ ಗಿಡದ ಕೆಳಗ ಯಾರೋ ನಿಂತಂಗ ಕಂಡಿತು.

ಒಬ್ಬ ಗಂಡಸು. ಮಾರಿ ಕಾಣಲಿಲ್ಲ, ಹೆಗಲಷ್ಟ ಕಂಡುವು. ಯಾರೋ ಹೊಲದವ, ನೀರ ಹಾಯ್ಸಾಕ ಬಂದಾನಂತ ತಿಳದೆ.

ಈಗ ನೋಡ್ರಿ, ನಮ್ಮ ಕಡಿ ಮಂದಿ ಬಾಯಿಗೆ ಕೀಲಿ ಇರೂದಿಲ್ಲ. ಉಣ್ಣೂ ಹೊತ್ತಿನ್ಯಾಗ ಯಾರ ಕಣ್ಣಿಗೆ ಬಿದ್ರೂ, ಗುರತಿರಲಿ ಬಿಡಲಿ, ಕರದುಬಿಡತೇವಿ. ಅದರಾಗ ನಾ ಖಾನಾವಳಿಯಾಕಿ. ವಿಚಾರ ಮಾಡೂಕಿಂತ ಮೊದಲ ಬಾಯಿ ಅಂದಬಿಟ್ಟಿತು.

"ಬರ್ರಿ, ಊಟಾ ಮಾಡೂನು."

ಇದಕ್ಕೊಂದು ಜವಾಬು ಐತಿ, ಅದೂ ಎಲ್ಲಾರಿಗೂ ಗೊತ್ತು. "ನಂದಾತ್ರಿ, ನೀವು ಮಾಡ್ರಿ" ಅಂತಾರ, ಮುಂದ ಹೋಗತಾರ. ಖರೇನ ಬರಲಿ ಅಂತ ಯಾರೂ ಕರ್ಯಾಂಗಿಲ್ಲ, ಕರದರಂತ ಯಾರೂ ಬರಾಂಗಿಲ್ಲ.

ಜವಾಬು ಬರಲಿಲ್ಲ...

ಜೀರುಂಡಿ ಒದರೂದು ನಿಂತಿತು. ಸುತ್ತ ಇಷ್ಟು ಸುಮ್ಮಕ ಆತಂದ್ರ, ನನ್ನ ಬಾಯಾಗಿನ ರೊಟ್ಟಿ ಕಟಕ್ ಅಂದದ್ದು ನನಗ ದೊಡ್ಡ ಸಪ್ಪಳ ಅನಿಸಿತು. ಆಮ್ಯಾಲ ವಾಸನಿ ಬಂತು. ಹೊಸಾ ಕಟಗಿ, ವಾರ್ನಿಸು, ಅದರಾಗ ಬಾಡಿದ ಚೆಂಡ ಹೂವು... ಈ ವಾಸನಿ ನನಗ ಗೊತ್ತಿತ್ತು. ಒಂದ ಸಲಾ ಮೂಗಿಗೆ ಬಂದಿತ್ತು, ನಮ್ಮ ಅಂಗಳದಾಗ.

ನಾ ತಲಿ ಎತ್ತಲಿಲ್ಲ. ತಾಟ ನೋಡಕೋತ ಕುಂತೆ. ಕಾಲಿನ ಸಪ್ಪಳ ಕೇಳಲಿಲ್ಲ. ಆದ್ರ ದೀಪದ ಬೆಳಕಿನ ಅಂಚಿನ್ಯಾಗ ಎರಡು ಬೂಟಿನ ತುದಿ ಬಂದು ನಿಂತುವು. ಹಸೀ ಬೂಟು. ನಮ್ಮ ಸೀಮ್ಯಾಗ ಮಳಿ ಬಂದು ಎಷ್ಟೋ ದಿನಾ ಆಗಿತ್ತು.

ಬಾಳ ಸಣ್ಣ ಧ್ವನಿ. ಗಂಟಲಾ ಕಟ್ಟಿದಂಗ.

"ಕುಂದ್ರಲ್ಯಾ?"

ಎದಿ ಧಸಕ್ ಅಂದಿತು. ವರ್ಷದ ಮ್ಯಾಲ ಅದು ನನಗಾದ ಮೊದಲನೇ ಅಂಜಿಕಿ. ಒದರಬೇಕು, ಬಾಯಾಗ ತುತ್ತು. ಕಡೀಕ ನನ್ನ ಬಾಯಿ ಏನ ಅಂತು ಗೊತ್ತೇನು? ದಿನಾ ಅನ್ನೂದನ್ನ ಅಂತು.

"ಕುಂದ್ರಪಾ."

ವ್ಯಾನಿನ ಸ್ಪ್ರಿಂಗು ಕಿರ್... ಅಂದು ಕೆಳಗ ಇಳೀತು. ನನ್ನ ಬಾಜೂಕ, ಅದ ಬಾಗಲದಾಗ. ಎಡಗಡಿ ತ್ವಾಳಿಗೆ ಥಂಡಿ ಹೊಡೀತು. ಮ್ಯಾಲಿನ ದೀಪಾ ಮಿಣಿ ಮಿಣಿ ಅಂದು ಆರಿತು.

ನಮ್ಮ ಖಾನಾವಳ್ಯಾಗ ಒಂದು ಪದ್ಧತಿ ಐತಿ. ಉಣ್ಣಾವರ ಮಾರಿ ನೋಡೂದಿಲ್ಲ, ತಾಟ ಅಷ್ಟ ನೋಡತೇವಿ. ಆ ಪದ್ಧತಿನ ನನ್ನ ಕಾಯ್ದಿತು ಅಂತೇನಿ. ನಾ ತಿರುಗಿ ನೋಡಲಿಲ್ಲ. ಕತ್ತಲ್ಯಾಗ ಕೈಲೆ ತಡಕಾಡಿ ಇನ್ನೊಂದು ತಾಟ ತಗದೆ. ರೊಟ್ಟಿ ಇಟ್ಟೆ, ಹಿಂಡಿ ಇಟ್ಟೆ, ಮೊಸರು ಹಾಕಿದೆ. ಬಾಜೂಕ ಸರಿಸಿದೆ.



ಆಮ್ಯಾಲ...

ಪರ್ರ್... ಪರ್ರ್...

ರೊಟ್ಟಿಯ ಮ್ಯಾಲಿನ ಪದರು ಸುಲಿಯೂ ಸಪ್ಪಳ.

ಅಯ್ಯ ಶಿವನ... ಕಟಕ ರೊಟ್ಟಿ ಮುರಿಯೂ ಸಪ್ಪಳ ನನಗ ಗೊತ್ತಿಲ್ಲೇನು? ದಿನಾ ನೂರ ಸಲಾ ಕೇಳತೇನಿ. ಮುರದ್ರ ಕಟ್ ಅಂತೈತಿ. ಇದು ಮುರದದ್ದಲ್ಲ, ಸುಲದದ್ದು. ಸಾವಕಾಶ, ಹರೀಲಾರದಂಗ, ಅಂಚಿನಿಂದ ನಡುವಿನ ಮಟಾ.

ಎರಡನೇ ರೊಟ್ಟಿ ತಗೊಂಡು ಕತ್ತಲ್ಯಾಗ ಚಾಚಿದೆ. ಅತ್ತಾಗಿಂದ ತಗೊಂಡ್ರು... ತಗೊಳ್ಳುಮುಂದ ಬಳ್ಳಿಗೆ ಬಳ್ಳು ತಾಗಿದುವು.

ಥಂಡಿ. ಅಂಥಾ ಥಂಡಿ ಈ ನಮ್ಮ ಸೀಮ್ಯಾಗ ಇಲ್ಲ. ಕೆಂಡದ ಖಬರ ಇಲ್ಲದ ನನ್ನ ಬಳ್ಳತುದಿಗೆ ಅದು ಚುಚ್ಚಿತು. ಸತ್ತ ಚರ್ಮಕ್ಕ ಜೀವಾ ಬಂದಂಗ ಆತು, ಅಷ್ಟು ಬ್ಯಾನಿ.

"ಇನ್ನೊಂದು ಹಾಕಲೇನು?" ಅಂದೆ. ಅದೂ ಚಟಾ. ಅದ ಒಂದು ಮಾತು ನನಗ ಹೊಳೀತು.

"ಸಾಕು..." ಆಮ್ಯಾಲ, "ಅವ್ವಂದ ಊಟಾ ಆತೇನು?"

ಯಾರವ್ವ ಅಂತ ನಾ ಕೇಳಲಿಲ್ಲ. ಕೇಳಬೇಕಿತ್ತೇನೋ. ಆ ಊರ ಮಣ್ಣಾಗ ಇದ್ದಾಂವ ಯಾವ ಅವ್ವನ ಕೇಳಿದ ಅಂತ ಈಗೂ ರಾತ್ರಿ ಎದ್ದು ಕುಂದರತೇನಿ.

"ಇಲ್ಲಪಾ" ಅಂದೆ. "ನೀ ಉಣ್ಣದ ಆಕಿ ಉಣ್ಣಾಂಗಿಲ್ಲ."

"ಉಂಡೆ ಅಂತ ಹೇಳು." ಧ್ವನಿ ಇನ್ನಾ ಸಣ್ಣ ಆತು. "ಕುಂತ ಉಂಡೆ ಅಂತ ಹೇಳು."

ಸ್ಪ್ರಿಂಗು ಕಿರ್ ಅಂದು ಮ್ಯಾಲ ಎದ್ದಿತು. ಗಾಳಿ ಬೀಸಿತು, ಜೀರುಂಡಿ ಒದರಾಕ ಹತ್ತಿದುವು, ಮ್ಯಾಲಿನ ದೀಪಾ ತಾನ ಹತ್ತಿತು. ಬಾಜೂಕ ಯಾರೂ ಇಲ್ಲ. ತಾಟಿನ್ಯಾಗ ಎರಡು ದಪ್ಪ ಪದರು ಬೋರಲ ಬಿದ್ದಿದ್ದುವು, ಅವುಗಳ ಮ್ಯಾಲ ಹಿಂಡಿ ಸವರಿತ್ತು. ತೆಳ್ಳನ ಪದರು ಇರಲಿಲ್ಲ. ಬಾಜೂಕ ಕುಂತ ಜಾಗಾದಾಗ ಕೈಯಿಟ್ರ ಹಸೀ ಹಸೀ.

ನಾ ಹೆಂಗ ವ್ಯಾನ್ ಚಾಲೂ ಮಾಡಿದೆ, ಯಾವ ದಾರಿ ಹಿಡದೆ, ನೆಪ್ಪಿಲ್ಲ. ಕಿಡಕಿ ಕಾಜು ಎಲ್ಲಾ ಏರಿಸಿದ್ದೆ, ಆದ್ರೂ ಕಟಗಿ ವಾಸನಿ ಹೋಗಲಿಲ್ಲ. ಕನ್ನಡ್ಯಾಗ ಹಿಂದ ನೋಡಲಿಲ್ಲ. ದಾರಿ ತುಂಬಾ ಒಂದ ಮಾತು ಅನಕೋತ ಬಂದೆ, ಬಸು, ಬಸು, ಬಸು.

ಬೈಲಹೊಂಗಲ ಮುಟ್ಟಿದಾಗ ಊರು ಮಲಗಿತ್ತು. ನಮ್ಮ ಮನ್ಯಾಗ ದೀಪಾ ಉರೀತಿತ್ತು. ಅವ್ವ ಕಟ್ಟಿ ಮ್ಯಾಲ ಕುಂತಿದ್ಲು. ನಾ ಒಳಗ ಹೋಗಿ ಅಡಗಿಮನಿ ನೋಡಿದೆ. ದಿನಾ ತಾಟ ಇಡೂ ಜಾಗಾ ಖಾಲಿ ಇತ್ತು. ತಾಟು ತೊಳದು ಗ್ವಾಡಿಗೆ ಆನಿಸಿದ್ಲು.

"ಯವ್ವಾ, ತಾಟ ಯಾಕ ಇಟ್ಟಿಲ್ಲ ಇವತ್ತು?"

"ಅವಂದ ಊಟಾ ಆತಲ್ಲ" ಅಂದ್ಲು.

ನಾ ಬಾಗಲಾ ಹಿಡಕೊಂಡೆ. "ಯಾರ ಹೇಳಿದ್ರು?"

"ಕುಂತ ಉಂಡ. ಎರಡು ರೊಟ್ಟಿ. ಈಗ ನೀ ಉಣ್ಣವ್ವಾ ಅಂದ." ಅವ್ವನ ಮಾರಿ ಮ್ಯಾಲ ಏನೂ ಇರಲಿಲ್ಲ, ಸಂತಿಯಿಂದ ಯಾರೋ ಬಂದ ಸುದ್ದಿ ಹೇಳಿದಂಗ ಹೇಳಿದ್ಲು. "ನಾನೂ ಉಂಡೆ. ಹೊಟ್ಟಿ ತುಂಬ ಉಂಡೆ. ನೀ ಯಾಕ ಅಲ್ಲೇ ನಿಂತಿ? ಕೈ ತೊಳಕೋ ಹೋಗು."

ರೊಟ್ಟಿ ಬುಟ್ಟಿ ತಗದು ನೋಡಿದೆ. ಖರೇನ ಉಂಡಿದ್ಲು. ಅವ್ವನ ಕಾಲ ಹತ್ರ ಕುಂತು, ಮಣ್ಣು ಮಾಡಿದ ದಿನ ಬರದ ಅಳು ಆವತ್ತ ಅತ್ತೆ. ಅವ್ವ ನನ್ನ ತಲಿ ಮ್ಯಾಲ ಕೈಯಿಟ್ಲು.

ಇಷ್ಟಕ್ಕ ಮುಗದಿದ್ರ ನಾ ಯಾರಿಗೂ ಹೇಳತಿರಲಿಲ್ಲ. ತಮ್ಮ ಬಂದಿದ್ದ, ಉಂಡ, ಅವ್ವ ಉಳದ್ಲು ಅಂತ ದೇವರಿಗೆ ಕಾಯಿ ಒಡದು ಸುಮ್ಮನಾಗತಿದ್ದೆ.

ಮರುದಿನ ಸಂಜೀಕ ಅವ್ವ ಎರಡು ರೊಟ್ಟಿ ತಾಟಿನ್ಯಾಗ ಇಟ್ಟು, ಮ್ಯಾಲ ಅರಬಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡ್ಲು. ಊರ ಹೊರಗ ನಮ್ಮ ಹೊಲಾ, ನಡದು ಹೋಗೂವಷ್ಟ ದೂರ. ಅಲ್ಲೇ ನಾವು ಪೆಟಗಿ ಇಟ್ಟದ್ದು. ವರ್ಷದಿಂದ ಆಕಿ ಅತ್ತಾಗ ಹಾಯ್ದಿರಲಿಲ್ಲ.

"ಎಲ್ಲಿಗೆ ಹೊಂಟಿ?"

"ಹೊಲದಾಗ ಇದ್ದಾಂವಗ ಕೊಟ್ಟು ಬರತೇನಿ."

"ಬಸುಂದು ಊಟಾ ಆತಂದೆಲ್ಲ..."

"ಬಸುಂದು ಆತು" ಅಂದ್ಲು ಅವ್ವ. "ಇಂವ ಬ್ಯಾರೆ. ಯಾರ ಮಗಾನೋ ಏನೋ, ವರ್ಷ ಆತು ನಮ್ಮ ಹೊಲದಾಗ ಬಂದು. ಒಂದ ದಿನಾನೂ ಉಣ್ಣಬಾ ಅಂದಿಲ್ಲ ನಾವು."

ನಾ ಹಿಂದ ಹೋದೆ. ಆಕಿ ದಿಬ್ಬದ ಮುಂದ ತಾಟ ಇಟ್ಟು, ಸೆರಗು ಸರಿ ಮಾಡಿಕೊಂಡು, ಮನಿಗೆ ಬಂದ ಬೀಗರಿಗೆ ಹೇಳಿದಂಗ, "ಕುಂದ್ರಪಾ, ಕುಂತ ಉಣ್ಣು" ಅಂದ್ಲು. ಸೆರಗಿನ ತುದಿಗೆ ಕಟ್ಟಿದ್ದ ಮಣ್ಣು ಬಿಚ್ಚಿದ್ಲು. ಬಸುನ ಮಣ್ಣು ಮಾಡಿದ ದಿನ ಹಾಕದ ಉಳಸಿದ್ದ ಮಣ್ಣು. ಅದನ್ನ ಆ ದಿಬ್ಬದ ಮ್ಯಾಲ ಹಾಕಿ ಕೈ ಮುಗದ್ಲು.

ಮುಂಜಾನಿ ನಾ ಒಬ್ಬಾಕಿನ ಹೋಗಿ ತಾಟ ನೋಡಿದೆ. ರೊಟ್ಟಿ ನಡುವಿಂದ ತಿಂದಿತ್ತು. ಸುತ್ತಲಿನ ಅಂಚು ಮಾತ್ರ ಉಳದಿತ್ತು, ದುಂಡಗ, ಬಳಿ ಹಂಗ. ಎರಡೂ ರೊಟ್ಟಿ ಹಂಗ. ಪದರು ಸುಲದಿರಲಿಲ್ಲ.

ನಾಯಿ ತಿಂದಿರಬೇಕು ಅಂತೀರಿ. ಅನ್ರಿ. ನಾನೂ ಅಂದಕೊಂಡೆ. ನಾಯಿ ಅಂಚು ಬಿಡತೈತೇನ್ರಿ? ದಿನಾ ಬಿಡತೈತೇನು? ಆವತ್ತಿನಿಂದ ದಿನಾ ಹಂಗ ಸಿಗತಾವು. ತೊಳ್ಯಾಕ ತಾಟ ಎತ್ತಿದಾಗ ನನ್ನ ಬಳ್ಳತುದಿಗೆ ಥಂಡಿ ಹತ್ತತೈತಿ. ಕಾದ ಹಂಚು ಇನ್ನೂ ತಿಳಿಯಂಗಿಲ್ಲ ನನಗ, ಆ ಥಂಡಿ ಮಾತ್ರ ತಿಳೀತೈತಿ.

ಮೌನೇಶಪ್ಪ ಕಲ್ಲು ನುಣ್ಣಗ ಮಾಡಿ ಇಟ್ಟಾನ. "ಹೆಸರು ಕೆತ್ತಲೇನ್ರಿ ಅಕ್ಕಾರ?" ಅಂತ ಕೇಳತಾನ. ತಡಿಯಪಾ ಅಂತೇನಿ. ವರ್ಷದ ದಿನಾ ದಾಟಿ ಹೋತು, ಊರ ಹುಡುಗರು ಸಿಟ್ಟಾಗ್ಯಾರ. ಅವ್ವ ಛಲೋ ಉಣತಾಳ, ಮೈ ಹಿಡದಾಳ. ಡಾಕ್ಟರು ಏನ ಔಷಧ ಕೊಟ್ರಿ ಅಂತ ನನ್ನ ಕೇಳತಾರ.

ರಾಮದುರ್ಗದ ಆ ತಾಯಿಯ ನಂಬರ, ಗಿರಣಿ ಮುಂದಿನ ಹೆಣಮಗಳು ಕೊಟ್ಟದ್ದು, ನನ್ನ ಫೋನಿನ್ಯಾಗ ಐತಿ. ಎಷ್ಟೋ ಸಲಾ ಹಚ್ಚೇನಿ. ಆಕಿ "ಯಾರ್ರೀ?" ಅಂದಕೂಡ್ಲೆ ಇಟ್ಟುಬಿಡತೇನಿ. ಕೇಳೂದು ಒಂದ ಮಾತು, ಯವ್ವಾ, ನಿಮ್ಮ ಮಂಜು ರೊಟ್ಟಿ ತಿನ್ನುಮುಂದ ಅಂಚು ಬಿಡತಿದ್ದನೇನು?

ನಿನ್ನೆ ರಾತ್ರಿ ಮತ್ತ ಹಚ್ಚಿದ್ದೆ. ಈ ಸಲಾ ಆಕಿ ಯಾರ್ರೀ ಅನ್ನಲಿಲ್ಲ. ಅತ್ತಾಗ ತಾಟ ಮುಚ್ಚಿಟ್ಟ ಸಪ್ಪಳಾತು. ಆಮ್ಯಾಲ ಸಾವಕಾಶ ಕೇಳಿದ್ಲು, "ಮಂಜು... ನೀ ಏನಪಾ? ಊಟಾ ಆತೇನು?"

ಫೋನ್ ಇಟ್ಟೆ. ಆತವ್ವಾ, ದಿನಾ ಆಗತೈತಿ ಅಂತ ಹೇಳಬೇಕಿತ್ತೇನು ನಾ?